ರಾತ್ರಿ ಎರಡಕ್ಕೆ ಏಳುವ ಆಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮನೆಯಲ್ಲಿ ನಡೆಯುವ ಆರೈಕೆ ಮತ್ತು ಅಂಗವೈಕಲ್ಯದ ಬದುಕನ್ನು ವಿಡಿಯೊ ಗೇಮ್ ಮೂಲಕ ಹೇಳುವುದು ಹೇಗೆ ಎಂದು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರು ಬರೆದಿದ್ದಾರೆ. ಏಳು ಪತ್ರಗಳಿಗೆ ಇಲ್ಲಿ ಉತ್ತರವಿದೆ.

ಅಜ್ಜಿಗೆ ಲಕವಾ ಹೊಡೆದು ಎರಡು ವರ್ಷ ಆತು. ಎಡಗೈ, ಎಡಗಾಲು ಆಡಂಗಿಲ್ಲ. ಅವ್ವ ಒಬ್ಬಾಕಿನ ಎಲ್ಲಾ ನೋಡ್ಕೋತಾಳ. ಆಕಿ ದಿನ ಹೆಂಗಿರತೈತಿ ಅನ್ನೂದನ್ನ ಒಂದು ಗೇಮ್ ಮಾಡಿ ನಮ್ಮ ಬಳಗದವರಿಗೆ ತೋರಸಬೇಕಂತ ಆಸೆ. ನನಗ ಪ್ರೋಗ್ರಾಮಿಂಗ್ ಬರಂಗಿಲ್ಲ. ಎಲ್ಲಿಂದ ಸುರು ಮಾಡ್ಲಿ?
– ಬಿ.ಎ. ವಿದ್ಯಾರ್ಥಿನಿ, ನವನಗರ, ಬಾಗಲಕೋಟೆ

ನೋಟ್‌ಬುಕ್ಕಿನಿಂದ ಸುರು ಮಾಡಿರಿ, ಕಂಪ್ಯೂಟರ್ ಆಮೇಲೆ. ಒಂದು ಪೂರ್ತಿ ಹಗಲು, ಒಂದು ಪೂರ್ತಿ ರಾತ್ರಿ ಅವ್ವನ ಹತ್ತಿರವೇ ಕೂತು ಬರೆದುಕೊಳ್ಳಿ: ಎಷ್ಟು ಗಂಟೆಗೆ ಎದ್ದರು, ಯಾವ ಕೆಲಸಕ್ಕೆ ಎಷ್ಟು ನಿಮಿಷ ಹಿಡಿಯಿತು, ಆ ಕೆಲಸಕ್ಕಾಗಿ ಯಾವುದನ್ನು ಅರ್ಧಕ್ಕೆ ಬಿಟ್ಟು ಬಂದರು. ಕೇಳಿ ಬರೆದರೆ ಸಾಲದು. ದಿನಾ ಮಾಡುವವರು ಅರ್ಧ ಕೆಲಸವನ್ನು ಕೆಲಸವೆಂದು ಲೆಕ್ಕಕ್ಕೇ ಹಿಡಿದಿರುವುದಿಲ್ಲ.

ಆಮೇಲೆ ಇಡೀ ದಿನವನ್ನು ಕೈಬಿಡಿ, ಒಂದು ರಾತ್ರಿಯನ್ನು ಮಾತ್ರ ಹಿಡಿಯಿರಿ. ತಾವಾಗಿ ಹೊರಳಲಾರದವರನ್ನು ಸಾಮಾನ್ಯವಾಗಿ ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿ ಮಲಗಿಸಬೇಕು. ಇಲ್ಲದಿದ್ದರೆ ಬೆನ್ನಿನ ಕೆಳಗಿನ ಎಲುಬು, ಹಿಮ್ಮಡಿ, ಚಪ್ಪೆಗಳ ಮೇಲೆ ಭಾರ ಬಿದ್ದು, ಅಲ್ಲಿಗೆ ರಕ್ತ ಹರಿಯದೆ ಹಾಸಿಗೆ ಹುಣ್ಣಾಗುತ್ತದೆ. ರಾತ್ರಿ 10, 12, 2, 4, ಮುಂಜಾನೆ 6: ಐದು ಸಲ. ನಿಮ್ಮ ಆಟದ ಬೆನ್ನೆಲುಬು ಇದೇ.

ಸಾಧನ ಟ್ವೈನ್. ಕ್ರಿಸ್ ಕ್ಲಿಮಾಸ್ 2009ರಲ್ಲಿ ಹೊರತಂದದ್ದು, ಪೂರ್ತಿ ಉಚಿತ, ಬ್ರೌಸರಿನಲ್ಲೇ ತೆರೆಯುತ್ತದೆ. ಪರದೆಯ ಮೇಲೆ ಚೌಕ ಚೀಟಿಗಳು ಬರುತ್ತವೆ, ಅವಕ್ಕೆ ಪ್ಯಾಸೇಜ್ ಎನ್ನುತ್ತಾರೆ. ಒಂದರಲ್ಲಿ ನಾಲ್ಕು ಸಾಲು ಬರೆದು, ಆಡುವವರು ಒತ್ತಬೇಕಾದ ಮಾತನ್ನು [[ಮಗ್ಗಲು ಬದಲಿಸು]] ಎಂದು ಎರಡೆರಡು ಚೌಕ ಕಂಸದಲ್ಲಿಟ್ಟರೆ ಆ ಹೆಸರಿನ ಹೊಸ ಚೀಟಿ ತಾನೇ ಹುಟ್ಟಿ ಗೆರೆ ಕೂಡಿಕೊಳ್ಳುತ್ತದೆ. ಮೊದಲ ಆಟಕ್ಕೆ 15 ಚೀಟಿ ಸಾಕು. 60 ಚೀಟಿಯ ಯೋಜನೆ ಹಾಕಿಕೊಂಡವರು ಬಹುತೇಕ ನಡುವೆಯೇ ನಿಲ್ಲುತ್ತಾರೆ.

ಒಂದು ಮಗ್ಗಲು ಬದಲಿಸುವ ಕೆಲಸವನ್ನು ಒಂದೇ ಲಿಂಕಿನಲ್ಲಿ ಮುಗಿಸಬೇಡಿ, ಬಿಡಿಸಿ ಇಡಿ. ದೀಪ ಹಚ್ಚುವುದು. ಅಜ್ಜಿಗೆ ಹೇಳುವುದು: ‘ಯವ್ವಾ, ಈಗ ಈ ಕಡೆ ಹೊಳ್ಳಸ್ತೀನಿ’. ಭುಜಕ್ಕೆ ಮತ್ತು ಸೊಂಟಕ್ಕೆ ಕೈಕೊಟ್ಟು ಹೊರಳಿಸುವುದು. ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆ ಮಾಡುವುದು. ಮೊಣಕಾಲುಗಳ ನಡುವೆ ಮಡಿಸಿದ ಕೌದಿ ಇಡುವುದು. ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡುವುದು. ಇವುಗಳ ನಡುವೆ ಒಂದು ಸುಲಭದ ಲಿಂಕೂ ಇರಲಿ: [[ಎಡಗೈ ಹಿಡಿದು ಎಳೆ]]. ಅದನ್ನು ಒತ್ತಿದರೆ ನಾಲ್ಕು ಹೆಜ್ಜೆಯ ಕೆಲಸ ಉಳಿತಾಯವಾಗುತ್ತದೆ. ಆದರೆ ಲಕವಾ ಬಡಿದ ಕೈಯ ಭುಜವನ್ನು ಸ್ನಾಯು ಬಿಗಿಯಾಗಿ ಹಿಡಿದಿರುವುದಿಲ್ಲ, ಎಳೆದರೆ ಕೀಲು ಜಾರಬಹುದು. ಮರುದಿನ ಮುಂಜಾನೆ ಕುಪ್ಪಸ ತೊಡಿಸುವ ಚೀಟಿಯಲ್ಲಿ ಅಜ್ಜಿ ನರಳಲಿ. ಯಾಕೆಂದು ಆಟ ಬಾಯಿಬಿಟ್ಟು ಹೇಳಬಾರದು.

ಎರಡು ಲೆಕ್ಕಗಳನ್ನು ಒಳಗೇ ಇಟ್ಟುಕೊಳ್ಳಿ: ಅವ್ವ ನಿದ್ದೆ ಮಾಡಿದ ತಾಸು, ಅಜ್ಜಿ ಒಂದೇ ಮಗ್ಗಲಲ್ಲಿ ಮಲಗಿದ ತಾಸು. ಟ್ವೈನ್‌ನ ಹಾರ್ಲೋ ವಿಧಾನದಲ್ಲಿ ಸೆಟ್ ಎಂಬ ಆಜ್ಞೆಯಿಂದ ಸಂಖ್ಯೆ ಬದಲಿಸಬಹುದು, ಇಫ್ ಎಂಬುದರಿಂದ ಪರೀಕ್ಷಿಸಬಹುದು. ಇವೆರಡು ಬಂದರೆ ಸಾಕು. ಬೆಳಗಿನ ಜಾವ 4ಕ್ಕೆ ನಿದ್ದೆಯ ಲೆಕ್ಕ ತೀರಾ ಇಳಿದಾಗ ‘ಎದ್ದು ಮಗ್ಗಲು ಬದಲಿಸು’ ಎಂಬ ಮಾತು ಪರದೆಯ ಮೇಲೆ ಕಾಣಲಿ, ಆದರೆ ಅದರ ಮೇಲೆ ಗೀಟು ಎಳೆದಿರಲಿ, ಒತ್ತಲು ಬಾರದಿರಲಿ. 2013ರ ‘ಡಿಪ್ರೆಶನ್ ಕ್ವೆಸ್ಟ್’ ಎಂಬ ಟ್ವೈನ್ ಆಟ ಖಿನ್ನತೆಯನ್ನು ತೋರಿಸಿದ್ದು ಈ ಕ್ರಮದಲ್ಲೇ. ಏನು ಮಾಡಬೇಕೆಂದು ಗೊತ್ತಿದೆ, ಮೈ ಏಳುವುದಿಲ್ಲ ಎಂಬುದನ್ನು ಆಡುವವರ ಬೆರಳಿಗೆ ತಿಳಿಸಲು ಇದಕ್ಕಿಂತ ನೇರ ದಾರಿ ಕಾಣುವುದಿಲ್ಲ.

ಹುಣ್ಣಿನ ಮೊದಲ ಗುರುತನ್ನು ಸರಿಯಾಗಿ ಬರೆಯಿರಿ: ಬೆರಳಿನಿಂದ ಒತ್ತಿ ಬಿಟ್ಟರೂ ಬಿಳಚದ ಕೆಂಪು ಕಲೆ. ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೇ ಇರಬಹುದು. ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿ, ಬಿಸಿಯಾಗಿ, ಗಟ್ಟಿಯಾಗಿ ಕೈಗೆ ಹತ್ತುತ್ತದೆ. ಗಾಳಿ ಹಾಸಿಗೆ ಇದೆಯಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದರ ಪಂಪು ಕರೆಂಟಿನದು, ಕರೆಂಟು ಹೋಗಿ ಹೊತ್ತಾದರೆ ಹಾಸಿಗೆ ಇಳಿಯುತ್ತದೆ. ಅದನ್ನೂ ಆಟದಲ್ಲಿ ತನ್ನಿ. ಪಂಪಿನ ‘ಗುಂಯ್’ ನಿಲ್ಲುವುದು ಅವ್ವನಿಗೆ ಅಲಾರಂ ಇದ್ದ ಹಾಗೆ.

ಕೈಕೊಡುವ ಮೂರು ಜಾಗಗಳಿವೆ. ಬ್ರೌಸರಿನಲ್ಲಿ ಬರೆದ ಟ್ವೈನ್ ಕಥೆ ಆ ಬ್ರೌಸರಿನೊಳಗೇ ಉಳಿದಿರುತ್ತದೆ. ಹಿಸ್ಟರಿ, ಡೇಟಾ ಅಳಿಸಿದರೆ ಕಥೆಯೂ ಹೋಗುತ್ತದೆ, ಆದ್ದರಿಂದ ದಿನಾ ಫೈಲ್ ಆಗಿ ಇಳಿಸಿಕೊಳ್ಳಿ. ಎರಡನೆಯದು ಚೀಟಿಯ ಹೆಸರು. ‘ಅಡುಗೆಮನೆ’ ಬೇರೆ, ‘ಅಡುಗೆ ಮನೆ’ ಬೇರೆ. ಅಷ್ಟೇ ಅಲ್ಲ, ಕೆಲವು ಕೀಬೋರ್ಡ್‌ಗಳು ‘ಕೊ’ದ ಗುಣಿತವನ್ನು ಒಂದು ಸಂಕೇತವಾಗಿ ಹಾಕಿದರೆ ಕೆಲವು ಎರಡಾಗಿ ಹಾಕುತ್ತವೆ. ಕಣ್ಣಿಗೆ ಒಂದೇ, ಟ್ವೈನ್‌ಗೆ ಎರಡು. ಹೆಸರುಗಳು ಚಿಕ್ಕವಿರಲಿ, ಒಂದೇ ಕೀಬೋರ್ಡಿನಲ್ಲಿ ಬರೆಯಿರಿ, ಸಂಶಯ ಬಂದರೆ ಕಾಪಿ ಮಾಡಿ ಅಂಟಿಸಿರಿ. ಮೂರನೆಯದು, ಹಾರ್ಲೋ ಆಟದ ಬದಿಯಲ್ಲಿ ಹಿಂದಕ್ಕೆ ಹೋಗುವ ಬಾಣ ತಾನಾಗಿ ಬರುತ್ತದೆ. ಅದಿದ್ದರೆ ಆಡುವವರು ಅಜ್ಜಿಯ ಭುಜವನ್ನು ನೋಯಿಸಿ, ಹಿಂದೆ ಹೋಗಿ ಸರಿಮಾಡಿಕೊಳ್ಳುತ್ತಾರೆ. ಸ್ಟೈಲ್‌ಶೀಟ್‌ನಲ್ಲಿ (ಆಟದ ರೂಪ ಹೊಂದಿಸುವ ಜಾಗ) ಬಾಣವಿರುವ ಆ ಬದಿಯನ್ನು, ಅಂದರೆ ಸೈಡ್‌ಬಾರನ್ನು, ಮರೆಮಾಡಿರಿ.

ನನ್ನ ತಮ್ಮನಿಗೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಮೈಕೈ ಹಿಡಿತ ತಪ್ಪುವ ಸ್ಥಿತಿ). ಅವನನ್ನು ನೋಡಿಕೊಳ್ಳುವ ಆಟ ಮಾಡಿದ್ದೇನೆ. ಹಸಿವು, ಶುಚಿ, ಸಂತೋಷ ಎಂದು ಪರದೆಯ ಮೇಲೆ ಏರಿಳಿಯುವ ಮೂರು ಅಳತೆ ಪಟ್ಟಿಗಳಿವೆ, ತುಂಬಿಸಿದರೆ ಅಂಕ. ಗೆಳೆಯರು ಚಲೋ ಆಗೇತಿ ಅಂದರು. ತಮ್ಮ ನೋಡಿ ಮುಖ ತಿರುಗಿಸಿದ. ಏನು ತಪ್ಪಾಗಿದೆ?
– ಖಾಸಗಿ ಉದ್ಯೋಗಿ, ವಿಜಯಪುರ

ಪಟ್ಟಿಗಳು ತಪ್ಪು. ಪರದೆಯಲ್ಲಿ ಪಟ್ಟಿ ಇದ್ದರೆ ಆಡುವವರ ಕಣ್ಣು ಪಟ್ಟಿಯ ಮೇಲೇ ಇರುತ್ತದೆ, ಮನುಷ್ಯನ ಮೇಲೆ ಇರುವುದಿಲ್ಲ. ನಿಮ್ಮ ತಮ್ಮ ನೀರು ಹಾಕಬೇಕಾದ ಕುಂಡದ ಗಿಡವಾಗಿದ್ದಾನೆ, ನೀರು ಹಾಕಿದವರಿಗೆ ಬಹುಮಾನ ಸಿಗುತ್ತಿದೆ. ಅವನು ಮುಖ ತಿರುಗಿಸಿದ್ದು ಸರಿಯಾದ ವಿಮರ್ಶೆ.

ಆಟದ ಪಠ್ಯವನ್ನೆಲ್ಲ ಪ್ರಿಂಟ್ ತೆಗೆದು, ತಮ್ಮ ತಾನಾಗಿ ಮಾಡುವ ಕ್ರಿಯೆಗಳಿಗೆ ಕೆಂಪು ಗೆರೆ ಹಾಕಿರಿ. ಉಂಡ, ಅತ್ತ, ಮಲಗಿದ ಇಷ್ಟೇ ಸಿಕ್ಕರೆ ಮತ್ತೆ ಬರೆಯಿರಿ. ಬೇಡ ಅಂದ, ಆರಿಸಿದ, ತಪ್ಪು ಹಿಡಿದ, ಚ್ಯಾಷ್ಟಿ ಮಾಡಿದ, ಗುಟ್ಟು ಇಟ್ಟುಕೊಂಡ ಎನ್ನುವ ಕ್ರಿಯೆಗಳು ಬರಬೇಕು. ಅವನ ‘ಬೇಡ’ ಆಟದಲ್ಲಿ ನಡೆಯಬೇಕು. ಸ್ನಾನ ಬೇಡ ಎಂದರೆ ಆ ದಿನ ಸ್ನಾನವಿಲ್ಲದೆ ಆಟ ಮುಂದೆ ಹೋಗಬೇಕು.

ಅವನಿಗೆ ಮಾತು ಕಷ್ಟವಾಗಿದ್ದು ಅಕ್ಷರದ ಹಲಗೆ ಬಳಸುತ್ತಿದ್ದರೆ ಅದೇ ನಿಮ್ಮ ಆಟ, ಬೇರೆ ಹುಡುಕಬೇಡಿ. ಕನ್ನಡದ 49 ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲೇ ಸಾಲಿಗೆ ಏಳರಂತೆ ಏಳು ಸಾಲು ಬರೆಯಿರಿ. ಜೊತೆಗಿದ್ದವರು ಸಾಲುಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸುತ್ತಾರೆ. ಬೇಕಾದ ಸಾಲಿಗೆ ಅವನು ಕಣ್ಣು ಮಿಟುಕಿಸುತ್ತಾನೆ. ಆಮೇಲೆ ಆ ಸಾಲಿನ ಅಕ್ಷರಗಳನ್ನು ಒಂದೊಂದಾಗಿ ತೋರಿಸಬೇಕು. ‘ನ’ ಐದನೆಯ ಸಾಲಿನ ಏಳನೆಯ ಅಕ್ಷರ, ಹಾಗಾಗಿ 12 ಬೆರಳು. ‘ಈ’ ಮೊದಲ ಸಾಲಿನ ನಾಲ್ಕನೆಯದು, 5. ‘ರ’ 13, ‘ಉ’ 6. ಅಂದರೆ ‘ನೀರು’ ಎಂಬ ಒಂದು ಶಬ್ದಕ್ಕೆ 36 ಬೆರಳು. ಆಡುವವರ ಕೈಯಲ್ಲಿ ಈ 36ನ್ನೂ ಒತ್ತಿಸಿರಿ.

ಈಗ ಆಟದ ತಿರುವು. ಮುಂದೊಂದು ದೃಶ್ಯದಲ್ಲಿ 17 ಬೆರಳು ಮುಗಿದು ‘ನೀ’ ಮೂಡಿದಾಗ ಪರದೆಯ ಕೆಳಗೆ ಒಂದು ದೊಡ್ಡ ಗುಂಡಿ ಬರಲಿ: ‘ನೀರು ಬೇಕೇನು?’ ಅದನ್ನು ಒತ್ತಿದರೆ ಲೋಟ ಬರುತ್ತದೆ, ಅವನು ಕುಡಿಯುವುದಿಲ್ಲ, ದೃಶ್ಯ ಮುಂದೆ ಹೋಗುತ್ತದೆ. ಒತ್ತದೆ ಇನ್ನೂ 30 ಬೆರಳು ತಾಳ್ಮೆಯಿಂದ ತೋರಿಸಿದವರಿಗೆ ಮಾತ್ರ ಪೂರ್ತಿ ಮಾತು ಮೂಡುತ್ತದೆ: ‘ನೀ ಉಂಡಿ?’ ಲೋಟ ತಂದವರಿಗೆ ಆ ಮಾತು ಏನಿತ್ತೆಂದು ಯಾವತ್ತೂ ತಿಳಿಸಬೇಡಿ.

ಬರೆದ ಮೇಲೆ ತಮ್ಮನನ್ನೇ ಕೇಳಿರಿ, ಆ ಜಾಗದಲ್ಲಿ ಅವನು ಯಾವ ಮಾತು ಹೇಳುತ್ತಿದ್ದ ಎಂದು. ಅವನದೇ ಮಾತು ಇದ್ದರೆ ನಮ್ಮದು ಬೇಡ.

ಯೂನಿಟಿಯಲ್ಲಿ ಕನ್ನಡ ಹಾಕಿದರೆ ‘ಅಕ್ಕ’ ಹೋಗಿ ‘ಅಕ್‌ಕ’ ಆಗುತ್ತದೆ. ಫಾಂಟ್ ಬದಲಿಸಿದರೂ ಅದೇ. ಪರಿಹಾರವೇನು?
– ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ

ತಪ್ಪು ಫಾಂಟಿನದಲ್ಲ. ಆಟ ಕಟ್ಟುವ ಯೂನಿಟಿ ತಂತ್ರಾಂಶದಲ್ಲಿ ಅಕ್ಷರ ಮೂಡಿಸುವ ಟೆಕ್ಸ್ಟ್‌ಮೆಶ್ ಪ್ರೊ ಒಂದೊಂದು ಸಂಕೇತವನ್ನು ಬಿಡಿಬಿಡಿಯಾಗಿ ಸಾಲಿಗೆ ಜೋಡಿಸುತ್ತದೆ. ಕ, ಹಲಂತ, ಕ ಮೂರೂ ಸೇರಿ ಒತ್ತಕ್ಷರವಾಗಬೇಕೆಂಬುದು ಅದಕ್ಕೆ ಗೊತ್ತಿಲ್ಲ. ಆ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ತಂತ್ರಾಂಶ. ಆಟ ಕಟ್ಟುವ ಇನ್ನೊಂದು ತಂತ್ರಾಂಶ ಗೊಡೊ, 2023ರಲ್ಲಿ ಬಂದ ಗೊಡೊ 4ರಲ್ಲಿ ಅದು ಸೇರಿದೆ, ಗೊಡೊ 3ರಲ್ಲಿ ಇಲ್ಲ. ಬ್ರೌಸರುಗಳಲ್ಲಿ ಇರುವುದರಿಂದ ಟ್ವೈನ್‌ನಲ್ಲಿ ತೊಂದರೆ ಬರುವುದಿಲ್ಲ. ಪುಟ್ಟ ಆಟ ಕಟ್ಟುವ ಬಿಟ್ಸಿ ಎಂಬ ಸಾಧನದ ಅಕ್ಷರಗಳು ಚುಕ್ಕಿ ಚಿತ್ರಗಳು, ಒತ್ತು ಅಲ್ಲಿಯೂ ಕೂಡುವುದಿಲ್ಲ. ಹೊಸದಾಗಿ ಕಟ್ಟುವುದಾದರೆ ಗೊಡೊ 4 ಹಿಡಿಯಿರಿ. ಸಾಲುಗಳನ್ನು ಚಿತ್ರ ಮಾಡಿ ಅಂಟಿಸುವ ಉಪಾಯ ಬೇಡ. ದೃಷ್ಟಿ ಇಲ್ಲದವರ ಫೋನು ಚಿತ್ರದೊಳಗಿನ ಅಕ್ಷರವನ್ನು ಸರಿಯಾಗಿ ಓದಿ ಹೇಳದೇ ಇರಬಹುದು, ಮಂದದೃಷ್ಟಿಯವರಿಗೆ ಅಕ್ಷರ ದೊಡ್ಡದು ಮಾಡಿಕೊಳ್ಳಲು ಬರುವುದಿಲ್ಲ.

ನೋಟೊ ಸಾನ್ಸ್ ಕನ್ನಡ ಎಂಬ ಫಾಂಟ್ ಉಚಿತ, ಆಟದ ಜೊತೆಗೇ ಕಟ್ಟಿ ಕೊಡಬಹುದು. ಸಾಲಿನ ಎತ್ತರ ಅಕ್ಷರದ 1.6 ಪಟ್ಟಾದರೂ ಇರಲಿ, ಕಡಿಮೆಯಾದರೆ ‘ಸ್ತ್ರೀ’ಯ ಒತ್ತು ಕೆಳಸಾಲಿನ ಗುಡಿಸಿಗೆ ಬಡಿಯುತ್ತದೆ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಸ್ಕ್ರಿಪ್ಟನ್ನು ಯೂನಿಕೋಡ್‌ಗೆ ಪರಿವರ್ತಿಸಿಯೇ ಒಳಗೆ ಹಾಕಿರಿ.

ನನಗೆ ದೃಷ್ಟಿ ಇಲ್ಲ, ಫೋನಿನಲ್ಲಿ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಬಳಸುತ್ತೇನೆ. ಅಂಗವಿಕಲರ ಬಗ್ಗೆ ಮಾಡಿದ ಆಟಗಳೇ ನಮಗೆ ಆಡಲು ಬರುವುದಿಲ್ಲ. ಮಾಡುವವರಿಗೆ ನಿಖರವಾಗಿ ಏನು ಹೇಳಬೇಕು?
– ಶಿಕ್ಷಕರು, ಬೈಲಹೊಂಗಲ

ಗುರುಗಳೇ, ಕೆಳಗಿನ ಮಾತುಗಳನ್ನು ಹಾಗೇ ಅವರಿಗೆ ಕಳಿಸಿರಿ.

ಪುಟದ ಭಾಷೆ ಕನ್ನಡವೆಂದು ಘೋಷಿಸಿರಿ. ಟ್ವೈನ್‌ನಲ್ಲಿ ಸ್ಟೋರಿ ಜಾವಾಸ್ಕ್ರಿಪ್ಟ್‌ನ ಜಾಗದಲ್ಲಿ ಭಾಷೆಯ ಗುರುತನ್ನು ಕೆ, ಎನ್ ಎಂಬ ಎರಡಕ್ಷರಕ್ಕೆ ನಿಗದಿ ಮಾಡುವ ಒಂದು ಸಾಲು ಸಾಕು. ಅದಿಲ್ಲದಿದ್ದರೆ ಫೋನು ಇಂಗ್ಲಿಷ್ ದನಿಯಲ್ಲಿ ತಡವರಿಸಬಹುದು, ಇಲ್ಲವೇ ಸುಮ್ಮನೆ ದಾಟಿಬಿಡಬಹುದು. ಚಿತ್ರಕ್ಕೆಲ್ಲ ಬದಲಿ ಪಠ್ಯ ಕೊಡಿ. ‘ಚಿತ್ರ 3’ ಎಂದಲ್ಲ, ‘ಅಜ್ಜಿಯ ಮಂಚದ ಕೆಳಗೆ ನೀಲಿ ಬಕೆಟ್’ ಎಂದು.

ಮೊದಲ ಉತ್ತರದಲ್ಲಿ ಗೀಟು ಎಳೆದ ಆಯ್ಕೆಯ ಮಾತು ಬಂತು. ಗೀಟನ್ನು ಟಾಕ್‌ಬ್ಯಾಕ್ ಸಾಮಾನ್ಯವಾಗಿ ಹೇಳುವುದಿಲ್ಲ, ಬರೀ ಮಾತನ್ನು ಓದುತ್ತದೆ. ಆದ್ದರಿಂದ ಅದರ ಮುಂದೆ ‘ಆಗವಲ್ದು’ ಎಂಬ ಒಂದು ಶಬ್ದ ಸೇರಿಸಿರಿ. ಅಕ್ಷರದ ಹಲಗೆಯಲ್ಲಿಯೂ ಕಾಯುವುದನ್ನು ಗಡಿಯಾರದಿಂದ ನಡೆಸಬೇಡಿ. ತಾನಾಗಿ ಬದಲಾಗುವ ಪರದೆ ಓದುತ್ತಿದ್ದ ದನಿಯನ್ನು ನಡುವೆ ಕತ್ತರಿಸುತ್ತದೆ. ಆಡುವವರು ಒತ್ತಿದಾಗ ಮಾತ್ರ ಮುಂದೆ ಹೋಗಲಿ. ಕೈ ನಡುಗುವವರಿಗೆ 36 ಸಲ ಒತ್ತುವುದೇ ಕಷ್ಟ, ಅವರಿಗೆ ‘ಒತ್ತಿ ಹಿಡಿದರೆ ತಾನೇ ಸಾಗುವುದು’ ಎಂಬ ಇನ್ನೊಂದು ದಾರಿ ಸೆಟಿಂಗ್ಸ್‌ನಲ್ಲಿರಲಿ.

ಅಕ್ಷರಕ್ಕೂ ಹಿನ್ನೆಲೆಗೂ ಬಣ್ಣದ ಅಂತರ ಕನಿಷ್ಠ 4.5ಕ್ಕೆ 1. ಒತ್ತುವ ಜಾಗ ಆಂಡ್ರಾಯ್ಡ್ ಅಳತೆಯಲ್ಲಿ 48 ಘಟಕಕ್ಕಿಂತ ಚಿಕ್ಕದಿರಬಾರದು. ಪರದೆ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿಂಚಬಾರದು, ಮೂರ್ಛೆ ರೋಗದವರಿಗೆ ಅಪಾಯ. ಕಿವಿ ಕೇಳದವರಿಗೆ ಬರೀ ಸಂಭಾಷಣೆ ಬರೆದರೆ ಆಗಲಿಲ್ಲ, ‘ಪಂಪಿನ ಸಪ್ಪಳ ನಿಂತಿತು’ ಎಂದೂ ಬರೆಯಬೇಕು. ಕಥೆ ತಿರುಗುವುದೇ ಅಲ್ಲಿ.

ಮಾಡಿದವರು ಪರದೆ ಪೂರ್ತಿ ಕಪ್ಪು ಮಾಡಿ, ಟಾಕ್‌ಬ್ಯಾಕ್ ಹಚ್ಚಿ, ಮೊದಲಿಂದ ಕೊನೆವರೆಗೆ ಒಮ್ಮೆ ತಾವೇ ಆಡಲಿ. ಹಾಗೆ ಆಡಿದ ಮೇಲೂ ಕೊನೆಯ ತೀರ್ಪು ನಿಮ್ಮಂಥವರದೇ. ಕೇಳಿಕೊಂಡು ಬಂದರೆ ನಿಮ್ಮ ಹೊತ್ತಿಗೆ ಸಂಭಾವನೆ ಕೇಳಲು ಸಂಕೋಚ ಬೇಡ.

ಬುದ್ಧಿ ಬೆಳವಣಿಗೆ ಕಡಿಮೆ ಇರುವ ತಂಗಿಯ ಕಥೆ ಮಾಡಬೇಕೆಂದಿದ್ದೇನೆ. ಅವಳಿಗೆ ಗೇಮ್ ಎಂದರೇನೆಂದು ವಿವರಿಸುವುದು ಕಷ್ಟ. ಅಪ್ಪ-ಅವ್ವ ಒಪ್ಪಿದ್ದಾರೆ, ಸಾಕಲ್ಲವೇ?
– ಓದುಗರು, ಅಥಣಿ

ಸಾಲದು. ಅಪ್ಪ-ಅವ್ವನ ಒಪ್ಪಿಗೆ ಅವರ ಕಥೆಗೆ ಒಪ್ಪಿಗೆ. ತಂಗಿಗೆ ಬಾಯಿಮಾತಿನಲ್ಲಿ ವಿವರಿಸಬೇಡಿ, ಎರಡು ಪರದೆ ಮಾಡಿ ತೋರಿಸಿರಿ: ಒಂದರಲ್ಲಿ ಅವಳಿಗೆ ಇಷ್ಟವಾದ ಕೆಲಸ, ಇನ್ನೊಂದರಲ್ಲಿ ಅವಳಿಗೆ ಸಿಟ್ಟು ಬಂದ ದಿನ. ‘ಇದನ್ನ ಬ್ಯಾರೆದವರಿಗೆ ತೋರಸ್ಲಿ?’ ಎಂದು ಒಂದೊಂದಕ್ಕೂ ಬೇರೆಯಾಗಿ ಕೇಳಿ. ಒಂದು ವಾರ ಬಿಟ್ಟು ಮತ್ತೆ ಕೇಳಿ. ಒಂದು ಸಲ ಹೂಂ, ಇನ್ನೊಂದು ಸಲ ಊಹೂಂ ಎಂದರೆ ಅದು ಊಹೂಂ. ಸ್ನಾನ, ಬಟ್ಟೆ ಬದಲಿಸುವುದು, ಮುಟ್ಟಿನ ದಿನಗಳು ಅವಳು ಒಪ್ಪಿದರೂ ಬೇಡ. ಹೆಸರು, ಊರು, ಶಾಲೆ, ಮುಖ ಬದಲಿಸಿರಿ. ಆದರೆ ಅವಳ ಮಾತಿನ ಧಾಟಿ ಬದಲಿಸಬೇಡಿ, ಕಥೆಯ ಜೀವ ಅಲ್ಲಿದೆ.

2017ರ ‘ಹೆಲ್‌ಬ್ಲೇಡ್: ಸೆನುವಾಸ್ ಸ್ಯಾಕ್ರಿಫೈಸ್’ ಆಟ ಮಾಡುವಾಗ ನಿಂಜಾ ಥಿಯರಿ ತಂಡ ಕೇಂಬ್ರಿಜ್‌ನ ಮನೋವೈದ್ಯ ಪ್ರಾಧ್ಯಾಪಕ ಪಾಲ್ ಫ್ಲೆಚರ್ ಅವರನ್ನಷ್ಟೇ ಅಲ್ಲ, ಸೈಕೋಸಿಸ್ (ಇಲ್ಲದ ದನಿ ಕೇಳುವಂಥ, ವಾಸ್ತವದ ಹಿಡಿತ ತಪ್ಪುವ ಸ್ಥಿತಿ) ಅನುಭವಿಸಿದವರನ್ನೂ ಜೊತೆಗೆ ಕೂರಿಸಿಕೊಂಡಿತ್ತು. ದೊಡ್ಡ ತಂಡಕ್ಕೆ ಬೇಕಾದದ್ದು ಮನೆಯಲ್ಲಿ ಮಾಡುವವರಿಗೂ ಬೇಕು.

ಯಾವ ಶಬ್ದ ಬಳಸಬೇಕು ಎಂಬ ಬಗ್ಗೆಯೂ ಒಂದು ಮಾತು. ‘ಹುಚ್ಚಿ’, ‘ಕುಂಟ’ ಎಂಬುವು ಪಾತ್ರದ ಬಾಯಲ್ಲಿ ಬರಬಹುದು, ಜಗತ್ತು ಹಾಗೆ ಆಡುತ್ತದೆ. ಆಟದ ಸ್ವಂತ ದನಿಯಲ್ಲಿ, ಗುಂಡಿಗಳ ಮೇಲೆ, ಜಾಹೀರಾತಿನಲ್ಲಿ ಬರಕೂಡದು. 2024ರ ಜುಲೈನಲ್ಲಿ ಸಿನಿಮಾ ಪ್ರಕರಣವೊಂದರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅಂಗವಿಕಲರನ್ನು ತೆರೆಯ ಮೇಲೆ ತೋರಿಸುವ ಬಗ್ಗೆ ಮಾರ್ಗಸೂಚಿ ಕೊಟ್ಟು, ಅವರನ್ನು ಅರಿಯಲು ನೆರವಾಗುವ ಹಾಸ್ಯ ಬೇರೆ, ಕೀಳುಗಾಣಿಸುವ ಹಾಸ್ಯ ಬೇರೆ ಎಂದು ಬಿಡಿಸಿ ಹೇಳಿದೆ. ಆಟ ಮಾಡುವವರೂ ಅದನ್ನು ಪಾಲಿಸಬಹುದು.

ಅಂಗವೈಕಲ್ಯದ ಪ್ರಮಾಣಪತ್ರಕ್ಕಾಗಿ ಅಲೆಯುವುದನ್ನು ಆಟ ಮಾಡಬಹುದೇ?
– ಓದುಗರು, ಮುಧೋಳ

ಖಂಡಿತ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ, ಮೀಸಲಾತಿಯಂಥ ಸೌಲಭ್ಯಕ್ಕೆ ಕನಿಷ್ಠ 40 ಪ್ರತಿಶತ ಎಂದು ವೈದ್ಯರು ಬರೆಯಬೇಕು. ಆಟದಲ್ಲಿ ಮೂರು ವಸ್ತು ಸಾಕು: ಕಾಗದ, ದಿನಗೂಲಿ, ಮನೆಯಲ್ಲಿ ಕೂರಲು ಒಬ್ಬರು. ಮೂರನೆಯದೇ ಮುಖ್ಯ, ಅದನ್ನು ಬಹಳ ಜನ ಮರೆಯುತ್ತಾರೆ. ಸರದಿಯಲ್ಲಿ ನಿಂತಷ್ಟು ಹೊತ್ತು ಮನೆಯಲ್ಲಿ ಮಗ್ಗಲು ಬದಲಿಸುವವರಿಲ್ಲ.

ಕಚೇರಿಯ ಚಿತ್ರ ಬರೆಯುವಾಗ ರ‍್ಯಾಂಪಿನ ಅಳತೆ ತಪ್ಪಿಸಬೇಡಿ. 1 ಅಡಿ ಏರಲು 12 ಅಡಿ ಉದ್ದ ಬೇಕು. 15 ಸೆಂಟಿಮೀಟರಿನ ಮೂರು ಮೆಟ್ಟಿಲಿಗೆ 5.4 ಮೀಟರ್. ಮೆಟ್ಟಿಲ ಮೇಲೆ ಗಿಡ್ಡ ಹಲಗೆ ಒರಗಿಸಿ ರ‍್ಯಾಂಪ್ ಎಂದು ತೋರಿಸಿದರೆ ವೀಲ್‌ಚೇರ್ ಬಳಸುವವರು ಅದೇ ಪರದೆಗೆ ನಿಮ್ಮ ಆಟ ಮುಚ್ಚುತ್ತಾರೆ. ಹಾಗೆ ಒರಗಿಸಿದ ಹಲಗೆಯೇ ಕಥೆಯಾಗಿದ್ದರೆ ಮಾತು ಬೇರೆ.

ಅಜ್ಜನ ಆರೈಕೆಯ ಆಟ ಮುಗಿಯುತ್ತ ಬಂತು, ಕೊನೆ ಹೊಳೆಯುತ್ತಿಲ್ಲ. ಗುಣವಾಗಿಸಲೇ, ತೀರಿಕೊಂಡರೆಂದು ತೋರಿಸಲೇ? ಮತ್ತೆ, ನಮ್ಮೂರಲ್ಲಿ ನೆಟ್ ಬರುವುದೇ ಅಪರೂಪ, ಜನರಿಗೆ ಮುಟ್ಟಿಸುವುದು ಹೇಗೆ?
– ನೇಕಾರರ ಮಗ, ರಬಕವಿ-ಬನಹಟ್ಟಿ

ಎರಡೂ ಬೇಡ. ಗುಣವಾಗುವುದನ್ನು ಗೆಲುವೆಂದು ಇಟ್ಟರೆ ಗುಣವಾಗದವರೆಲ್ಲ ಸೋತವರಾಗುತ್ತಾರೆ. ಸಾವನ್ನು ಕೊನೆಗಿಟ್ಟರೆ ಆಡುವವರಿಗೆ ‘ಬಿಡುಗಡೆ’ ಅನ್ನಿಸುತ್ತದೆ. ನಿಜವಾಗಿ ನಡೆದ ಸಾವಿನ ಕಥೆಯಾದರೆ ಅದು ಬೇರೆ. 2016ರ ‘ದಟ್ ಡ್ರ್ಯಾಗನ್, ಕ್ಯಾನ್ಸರ್’ ತಂದೆ-ತಾಯಿ ತಮ್ಮ ತೀರಿಕೊಂಡ ಮಗನ ಬಗ್ಗೆ ಮಾಡಿದ ಆಟ. ಅದರ ಆಸ್ಪತ್ರೆಯ ದೃಶ್ಯವೊಂದರಲ್ಲಿ ಮಗು ಅಳುತ್ತದೆ, ಆಡುವವರು ಏನೇನು ಮಾಡಿ ನೋಡಿದರೂ ಸಮಾಧಾನವಾಗುವುದಿಲ್ಲ. ಆಟ ಮುಗಿಯುವ ಎಷ್ಟೋ ಮೊದಲೇ ಆ ದೃಶ್ಯ ಹೇಳಬೇಕಾದದ್ದನ್ನು ಹೇಳಿಬಿಡುತ್ತದೆ. ನಿಮ್ಮ ಆಟವನ್ನು ಪಾಳಿ ಬದಲಾಗುವ ಹೊತ್ತಿಗೆ ನಿಲ್ಲಿಸಿರಿ: ಮುಂಜಾನೆ 6, ಅಜ್ಜನ ಮಗ್ಗಲು ಬದಲಿಸಿಯಾಗಿದೆ, ಒಳಗೆ ಚಹಾ ಕುದಿಯುತ್ತಿದೆ, ಚಿಗವ್ವ ಬಂದು ‘ನೀ ಮಕ್ಕೋ ಹೋಗು’ ಅನ್ನುತ್ತಾಳೆ.

ಮುಟ್ಟಿಸುವುದು ಸುಲಭ. ಟ್ವೈನ್ ಇಡೀ ಆಟವನ್ನು ಒಂದೇ ಎಚ್‌ಟಿಎಂಎಲ್ ಫೈಲ್ ಮಾಡಿ ಕೊಡುತ್ತದೆ. ಬರೀ ಪಠ್ಯವಾದರೆ ಒಂದು ಫೋಟೊಗಿಂತ ಚಿಕ್ಕದು. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಎಂದು ಕಳಿಸಿರಿ, ಪಡೆದವರು ಕ್ರೋಮ್‌ನಲ್ಲಿ ತೆರೆದರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಚಿತ್ರಗಳನ್ನು ಬೇರೆ ಫೈಲಾಗಿ ಇಟ್ಟಿದ್ದರೆ ಅವು ಜೊತೆಗೆ ಹೋಗುವುದಿಲ್ಲ, ಖಾಲಿ ಚೌಕ ಕಾಣುತ್ತದೆ. ಅವನ್ನು ಬೇಸ್ 64 ಎಂಬ, ಚಿತ್ರವನ್ನು ಅಕ್ಷರಗಳ ಸಾಲಾಗಿ ಬರೆಯುವ ರೂಪಕ್ಕೆ ತಂದು ಪಠ್ಯದೊಳಗೇ ಸೇರಿಸಿರಿ, ಇಲ್ಲವೇ ಚಿತ್ರಗಳನ್ನು ಕೈಬಿಡಿ. ದೂರದವರಿಗಾದರೆ ಆಟಗಳನ್ನು ಹಂಚುವ ಇಚ್ ಡಾಟ್ ಐಒ ತಾಣಕ್ಕೆ ಉಚಿತವಾಗಿ ಏರಿಸಬಹುದು. ಒಂದೇ ಎಚ್‌ಟಿಎಂಎಲ್ ಫೈಲಾದರೆ ಹಾಗೇ ಏರಿಸಬಹುದು, ಜಿಪ್ ಮಾಡಿದರೆ ಒಳಗಿನ ಆ ಫೈಲಿನ ಹೆಸರು ಇಂಡೆಕ್ಸ್ ಎಂದಿರಬೇಕು.

ಮೊದಲ ಪರದೆಯಲ್ಲೇ ಒಳಗೆ ಏನಿದೆ ಎಂದು ಎರಡು ಸಾಲು ಬರೆಯಿರಿ: ಹಾಸಿಗೆ ಹಿಡಿದವರ ಆರೈಕೆ, ಹುಣ್ಣಿನ ವರ್ಣನೆ, ಆಡಲು ಸುಮಾರು 20 ನಿಮಿಷ. ಹೊರಗೆ ಬಿಡುವ ಮೊದಲು ಮೂವರ ಕೈಗೆ ಕೊಟ್ಟು ಹತ್ತಿರ ಸುಮ್ಮನೆ ಕೂಡಿರಿ: ಈ ಕೆಲಸ ದಿನಾ ಮಾಡುವವರು ಒಬ್ಬರು, ಆರೈಕೆ ಪಡೆಯುವವರು ಒಬ್ಬರು, ಎರಡೂ ಗೊತ್ತಿಲ್ಲದವರು ಒಬ್ಬರು. ಅವರ ಬೆರಳು ಎಲ್ಲಿ ನಿಂತಿತು ಎಂದು ಗುರುತು ಹಾಕಿಕೊಳ್ಳಿ. ಮೊದಲ ಇಬ್ಬರು ನಿಂತ ಜಾಗದಲ್ಲಿ ವಿವರ ತಪ್ಪಿರುತ್ತದೆ, ಮೂರನೆಯವರು ನಿಂತ ಜಾಗದಲ್ಲಿ ಬರವಣಿಗೆ.